ಸುತ್ತು

ದೇವಾಲಯದಲ್ಲಿ ಎಷ್ಟು ಸಲೀಸಾಗಿ ಸಲ್ಲುವುವೋ ಚಾವಡಿಯಲ್ಲಿಯೂ ಅಷ್ಟೇ ಸಲೀಸಾಗಿ ಸಲ್ಲುವ ಕೆಲವು ಮಾತುಗಳು ಕನ್ನಡದಲ್ಲಿ ಉಂಟು, ‘ಸುತ್ತು’ ಅವುಗಳಲ್ಲೊಂದು. ಭಕ್ತನು ಗರ್ಭಗುಡಿಯನ್ನು ಸುತ್ತುತ್ತಾನೆ; ವೃದ್ಧನು ಪಿಂಚಣಿಗಾಗಿ ಕಚೇರಿ ಸುತ್ತಿ ಚಪ್ಪಲಿ ಸವೆಸುತ್ತಾನೆ; ಮನೆಯ ಕಿರಿಮಗನು ಕೆಲಸವಿಲ್ಲದೆ ಊರು ಸುತ್ತಿ ತಂದೆಯ ಬೈಗುಳಕ್ಕೆ ಪಾತ್ರನಾಗುತ್ತಾನೆ. ಕೋಟೆಗೂ ಏಳು ಸುತ್ತು, ಮಲ್ಲಿಗೆಗೂ ಏಳು ಸುತ್ತು. ಪುಣ್ಯವನ್ನೂ ಪೋಲಿತನವನ್ನೂ ಒಂದೇ ಕ್ರಿಯಾಪದಕ್ಕೆ ಒಪ್ಪಿಸಿ ನಿಶ್ಚಿಂತರಾಗಿದ್ದ ನಮ್ಮ ಪೂರ್ವಿಕರ ಧೈರ್ಯ ಮೆಚ್ಚತಕ್ಕದ್ದೇ.

ವಿದ್ಯಾರ್ಥಿ ವಿನಿಮಯದ ಏರ್ಪಾಟಿನಲ್ಲಿ ನಾನು ಕೊಯಮತ್ತೂರಿನಲ್ಲಿದ್ದ ಕಾಲದಲ್ಲಿ ಕೊಳ್ಳೇಗಾಲದ ಗೆಳೆಯರು ಊರು ನೋಡಲು ಬಂದರು. ಚಾಮರಾಜನಗರವನ್ನು ದಾಟಿ, ಹಾಸನೂರಿನ ಕಾಡನ್ನು ಹಾಯ್ದು, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಬಂದವರಿಗೆ ಊರು ಸುತ್ತುವ ಮೊದಲೇ ತಲೆ ಸುತ್ತಿತ್ತು. ಅವರ ತಾತಂದಿರಾದರೋ ಇದೇ ಘಟ್ಟದ ಕೆಳಗಿನ ಊರಿಗೆ ವಿನೋದಾರ್ಥವಾಗಿ ಬಂದವರಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಕೊಳ್ಳೇಗಾಲವು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದುದರಿಂದ, ಕಲೆಕ್ಟರ ಕಚೇರಿಯನ್ನು ಸುತ್ತಬೇಕಾದ ದುರದೃಷ್ಟವಂತರು ಕಾಗದಪತ್ರಗಳ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಇಲ್ಲಿಗೇ ಬರಬೇಕಾಗಿತ್ತು. ತಾತ ಅಲೆದ ಊರಿನಲ್ಲಿ ಮೊಮ್ಮಗ ಅಡ್ಡಾಡುವನು; ಇಬ್ಬರೂ ಸುತ್ತಿದರೆಂದೇ ಭಾಷೆಯು ಲೆಕ್ಕ ಬರೆದುಕೊಳ್ಳುತ್ತದೆ.

ವಾಸದ ಮನೆಯ ಯಜಮಾನರು ಗೆಳೆಯರನ್ನು ಕಂಡು, ಕೊಂಗುನಾಡಿನ ಸಹಜವಾದ ವಿನಯದಿಂದ, “ಊರ್ ಸುತ್ತಿ ಪಾಕ್ಕ ವಂದೀಂಗಳಾ?” ಎಂದು ಕೇಳಿದಾಗ ಅವರಿಗೆ ಅನುವಾದ ಬೇಕಾಗಲಿಲ್ಲ. ಬರಹದ ತಮಿಳಿನಲ್ಲಿ ‘ಸುಟ್ರು’ ಎಂದು ಗಡುಸಾಗಿ ಕೇಳುವುದು ಆಡುಮಾತಿನಲ್ಲಿ ನಮ್ಮ ‘ಸುತ್ತು’ವೇ ಆಗಿಬಿಡುತ್ತದೆ. ತಮಿಳರು ಪ್ರವಾಸೋದ್ಯಮಕ್ಕೂ ಅದನ್ನೇ ಬೆಳೆಸಿ ‘ಸುಟ್ರುಲಾ’ ಎಂದರು. ನಾವು ಸಂಸ್ಕೃತದ ‘ಪ್ರವಾಸ’ವನ್ನು ತಂದುಕೊಂಡೆವು. ಮೂಲದಲ್ಲಿ ಪ್ರವಾಸವೆಂದರೆ ಮನೆಯನ್ನು ಬಿಟ್ಟು ಪರಸ್ಥಳದಲ್ಲಿ ವಾಸಿಸುವುದು. ‘ಪ್ರವಾಸಿ ಭಾರತೀಯ’ ಎಂಬಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ಆ ನ್ಯಾಯದಿಂದ ನೋಡಿದರೆ, ಪರವೂರಿನ ಕೊಠಡಿಯೊಂದರಲ್ಲಿ ಅನ್ನ ಬೇಯಿಸಿಕೊಂಡಿದ್ದ ನಾನೇ ಪ್ರವಾಸಿ. ಎರಡು ಹಗಲು ಇದ್ದು ಹೋಗಲು ಬಂದವರು ಬರಿಯ ಸುತ್ತುಗರು. ಇದನ್ನು ಅವರಿಗೆ ವಿವರಿಸಿದಾಗ, ಪ್ರವಾಸಿಯಾದವನೇ ಬಸ್ಸಿನ ಚೀಟಿಗೆ ಕಾಸು ಕೊಡತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿದರು.

ಪೇರೂರಿನ ಪಟ್ಟೀಶ್ವರನನ್ನು ನೋಡಿಕೊಂಡು, ಮರುದಿನ ಪೊಳ್ಳಾಚಿಯ ದಾರಿಯಲ್ಲಿ ಕಿಣತ್ತುಕಡವಿಗೆ ಹೋದೆವು. ಹೆಸರಿನಲ್ಲಿಯೇ ಒಂದು ಬಾವಿಯನ್ನು ಇಟ್ಟುಕೊಂಡ ಊರು. ಪೊನ್ಮಲೆಯೆಂಬ ಗುಡ್ಡದ ಮೇಲೆ ವೇಲಾಯುಧಸ್ವಾಮಿ. ಪಾಲಕ್ಕಾಡಿನ ಕಣಿವೆಯಿಂದ ತಡೆಯಿಲ್ಲದೆ ನುಗ್ಗುವ ಗಾಳಿಯನ್ನು ನಂಬಿ ಈ ಬಯಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿದ್ದಾರೆ. ಅವುಗಳ ರೆಕ್ಕೆ ತಮಿಳಿನಲ್ಲಿ ಸುತ್ತುತ್ತದೆ, ಕನ್ನಡದಲ್ಲಿ ತಿರುಗುತ್ತದೆ. ತನ್ನ ಅಚ್ಚಿನ ಮೇಲೆ ತಾನೇ ಆಡುವುದಕ್ಕೆ ‘ತಿರುಗು’ ಎಂದೂ, ಮತ್ತೊಂದನ್ನು ನಡುವೆ ಇರಿಸಿಕೊಂಡು ಬಳಸುವುದಕ್ಕೆ ‘ಸುತ್ತು’ ಎಂದೂ ನಾವು ಬಹುಮಟ್ಟಿಗೆ ಭೇದವೆಣಿಸುವೆವು. ನಡುವೆ ಏನೂ ಇಲ್ಲದೆ ಸುತ್ತುವುದು ನಮ್ಮ ಪಾಲಿಗೆ ತಲೆಯೊಂದೇ.

ಈ ಭೇದಕ್ಕೆ ಗುಡ್ಡದ ಮೇಲಿನ ದೇವರೇ ಸಾಕ್ಷಿ. ಹಣ್ಣಿಗಾಗಿ ನಡೆದ ಪಂದ್ಯದಲ್ಲಿ ಷಣ್ಮುಖನು ನವಿಲನ್ನೇರಿ ಜಗತ್ತನ್ನೆಲ್ಲ ಸುತ್ತಿ ಬರುವಷ್ಟರಲ್ಲಿ, ಗಣಪತಿಯು ತಾಯಿತಂದೆಯರನ್ನು ಸುತ್ತಿ ಹಣ್ಣನ್ನು ಕೈಗೆ ಹಾಕಿಕೊಂಡನು. ಸಿಟ್ಟಾದ ತಮ್ಮನು ಪಳನಿಯ ಬೆಟ್ಟವನ್ನು ಸೇರಿದನು. 1915ರಲ್ಲಿ ಪೋದನೂರಿನಿಂದ ಪೊಳ್ಳಾಚಿಗೆ ಹಾಕಿದ ರೈಲುಹಾದಿ ಕಿಣತ್ತುಕಡವಿನ ಮೇಲೆಯೇ ಹೋಗುವುದರಿಂದ, ಆ ಪಳನಿಗೂ ಇಲ್ಲಿಂದ ಗಾಡಿ ಉಂಟು. ಗಣಪತಿಯದು ಚಾತುರ್ಯವೆಂಬುದು ಸರಿ. ಆದರೆ ಲೋಕವನ್ನು ಕಣ್ಣಾರೆ ಕಂಡವನಿಗೆ ಹಣ್ಣು ಸಿಗಲಿಲ್ಲವೆಂಬ ಅಸಮಾಧಾನ, ತಿರುಗಾಟದ ಚಟವುಳ್ಳ ನನ್ನಲ್ಲಿ ಇನ್ನೂ ಆರಿಲ್ಲ.

ಸಮೀಪದ ನೆಗಮಂ ಹತ್ತಿಯ ಸೀರೆಗೆ ಹೆಸರಾದ ಊರು. ನೇಯುವವರಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗರಿದ್ದಾರೆ. ಜಗಲಿಯಲ್ಲಿ ರಾಟೆಯ ಮುಂದೆ ಕುಳಿತ ಅಜ್ಜಿಯೊಬ್ಬರು ಬಲಗೈಯಿಂದ ಚಕ್ರವನ್ನು ಆಡಿಸುತ್ತ, ಎಡಗೈಯ ಎರಡು ಬೆರಳ ನಡುವೆ ನೂಲನ್ನು ಹದವಾಗಿ ಬಿಗಿಹಿಡಿದು ಕಂಡಿಕೆಗೆ ಸುತ್ತುತ್ತಿದ್ದರು. ಕಂಡಿಕೆಯು ನಡುವೆ ಉಬ್ಬಿ ತುದಿಗೆ ಸಣ್ಣಗಾಗದಿದ್ದರೆ ಲಾಳಿಯೊಳಗೆ ನೂಲು ಸಿಕ್ಕುಬೀಳುವುದಂತೆ. ಬೆರಳು ಮಾತ್ರ ಅದನ್ನು ಅರಿತಿತ್ತು, ಕಣ್ಣು ನಮ್ಮ ಮೇಲೆಯೇ ಇತ್ತು. “ಊರು ಸುತ್ತೋಕೆ ಬಂದ್ರಾ ಕಣ್ಣು?” ಎಂದರು. ಹೌದೆಂದೆವು. “ಸುತ್ತಿ, ಸುತ್ತಿ. ಉಂಡು ಹೋಗಿ,” ಎಂದವರು ಕೂಡಲೇ ಯಾರ ಮನೆಯವರು, ಯಾವ ಊರಿನವರು, ಯಾರ ಕಡೆಯ ನಂಟು ಎಂಬ ವಿಚಾರಣೆಗೆ ತೊಡಗಿದರು.

ಆ ವಿಚಾರಣೆಗೂ ಈ ಪದಕ್ಕೂ ನಂಟುಂಟು. ತಮಿಳಿನ ‘ಸುಟ್ರಂ’ ಎಂದರೂ ತೆಲುಗಿನ ‘ಚುಟ್ಟಾಲು’ ಎಂದರೂ ಬಂಧುಬಳಗವೇ, ನಮ್ಮನ್ನು ಸುತ್ತಿ ನಿಂತವರು. ಎರಡು ನೆರೆಮನೆಗಳಲ್ಲಿ ಬೇರೂರಿದ ಈ ಅರ್ಥವು ಇಂದಿನ ಕನ್ನಡದಲ್ಲಿ ಬಳಕೆಯಲ್ಲಿಲ್ಲ. ಬಂಧುಗಳನ್ನು ಕೈಬಿಟ್ಟ ನಮ್ಮ ‘ಸುತ್ತು’ ಸರ್ಕಾರದ ಸುತ್ತೋಲೆಯನ್ನು ಮಾತ್ರ ಭದ್ರವಾಗಿ ಹಿಡಿದುಕೊಂಡಿದೆ.