ಎಡಚ

ಕನ್ನಡದಲ್ಲಿ ‘ಬಲ’ ಎಂದರೆ ಒಂದು ಪಕ್ಕ, ಶಕ್ತಿಯೂ ಹೌದು. ತಮಿಳಿನ ‘ವಲ’ದಲ್ಲೂ ಈ ಎರಡು ಅರ್ಥಗಳು ಜೊತೆಗೇ ಇವೆ. ಕೈಗೆ ಹೆಸರಿಡುವಾಗಲೇ ಸಾಮರ್ಥ್ಯವನ್ನೆಲ್ಲ ಒಂದೇ ಕೈಯ ಹೆಸರಿಗೆ ಬರೆದುಕೊಟ್ಟ ಹಾಗಾಯಿತು. ಉಳಿದ ಕೈ ‘ಎಡ’ವಾಯಿತು. ಅದರ ನೆರೆಹೊರೆಯ ಮಾತುಗಳನ್ನು ಕೇಳಿ: ಎಡವಟ್ಟು, ಎಡಬಿಡಂಗಿ, ಎಡವುವುದು. ಬೇರು ಬೇರೆ ಬೇರೆಯಿದ್ದರೂ ಕಿವಿಗೆ ಎಲ್ಲವೂ ಒಂದೇ ಮನೆಯವು. ಬೆಳಿಗ್ಗೆ ಸಿಡುಕಿದವರನ್ನು ‘ಎಡಮಗ್ಗುಲಲ್ಲಿ ಎದ್ದೆಯಾ?’ ಎಂದು ಕೇಳುತ್ತೇವೆ. ಹೊಸ ಸೊಸೆ ಬಲಗಾಲಿಟ್ಟೇ ಹೊಸಿಲು ದಾಟಬೇಕು. ನಂಬಿಕಸ್ಥನಾದವನು ಬಲಗೈ ಬಂಟ. ಎಡಗೈ ಬಂಟನೊಬ್ಬ ನಮ್ಮ ಮಾತಿನಲ್ಲಿ ಹುಟ್ಟಲೇ ಇಲ್ಲ.

ಇಂಥ ಮಾತುಗಳ ನಡುವೆ ಬೆಳೆಯುವ ಮಗುವೊಂದು ಒಂದು ದಿನ ಎಡಗೈಯಲ್ಲಿ ಬಳಪ ಹಿಡಿಯುತ್ತದೆ. ಆ ಕ್ಷಣವೇ ಅದಕ್ಕೆ ಹೆಸರು ಬೀಳುತ್ತದೆ: ಎಡಚ. ಹುಡುಗಿಯಾದರೆ ಎಡಚಿ. ಕುಳ್ಳ, ಕರಿಯ, ಕುಂಟ, ಕಿವುಡ, ಎಡಚ ಹೀಗೆ ದೇಹದ ಒಂದೇ ಗುರುತು ನೋಡಿ ಇಡೀ ಮನುಷ್ಯನನ್ನು ಕರೆದುಬಿಡುವ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ‘ಬಲಚ’ ಎಂಬ ಪದ ಮಾತ್ರ ಬಳಕೆಯಲ್ಲಿಲ್ಲ. ಬಹಳ ಮಂದಿ ಇರುವ ಹಾಗೆ ಇದ್ದವರಿಗೆ ಹೆಸರೇ ಬೇಕಿಲ್ಲ, ಅವರು ಬರೀ ‘ಮನುಷ್ಯರು’. ಬೇರೆ ಥರ ಇದ್ದವರಿಗೆ ಮಾತ್ರ ಪದ ಬೇಕು. ಪದ ಸಿಕ್ಕಿದ ಮೇಲೆ ತೀರ್ಪಿಗೆ ತಡವಾಗುವುದಿಲ್ಲ. ನನಗೆ ಈ ಪದದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇದೇ.

ಎಡಗೈ ಬಳಸುವವರು ಜಗತ್ತಿನಲ್ಲಿ ಹತ್ತರಲ್ಲಿ ಒಬ್ಬರು. ಯಾವ ದೇಶದಲ್ಲಿ ಎಣಿಸಿದರೂ ಇವರೇ ಕಡಿಮೆ. ಇದು ಮಗು ಹಟಕ್ಕೆ ಕಲಿತ ಚಾಳಿಯಲ್ಲ. ಸ್ಕ್ಯಾನಿಂಗ್‌ನಲ್ಲಿ ನೋಡಿದವರಿಗೆ ತಾಯಿಯ ಹೊಟ್ಟೆಯಲ್ಲೇ ಕೂಸು ಒಂದು ಕೈಯ ಹೆಬ್ಬೆರಳನ್ನು ಹೆಚ್ಚಾಗಿ ಚೀಪುವುದು ಕಂಡಿದೆ. ಹೊಟ್ಟೆಯಿಂದಲೇ ಬಂದ ಒಲವನ್ನು ನಾವು ರೂಲುದೊಣ್ಣೆಯಿಂದ ತಿದ್ದಲು ಹೊರಟೆವು. ಬೆರಳ ಗೆಣ್ಣಿಗೆ ಹೊಡೆದದ್ದು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿದ್ದು, ‘ಸರಸ್ವತಿಗೆ ಅಪಚಾರ’ ಎಂದು ಹೆದರಿಸಿದ್ದು ಎಷ್ಟೋ ಮನೆಗಳ, ಶಾಲೆಗಳ ಮಾತು. ಹೊಡೆದವರು ಕೆಟ್ಟವರಾಗಿರಲಿಲ್ಲ, ಮಗು ಮುಂದೆ ನಾಲ್ಕು ಜನರ ಎದುರು ನಗೆಗೀಡಾಗಬಾರದು ಎಂಬ ಕಳಕಳಿಯೇ ಅವರಿಗೆ. ಆದರೆ ನಗುವ ನಾಲ್ಕು ಜನರನ್ನು ತಿದ್ದಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಊಟದ ಕೈ ಬೇರೆ, ತೊಳೆಯುವ ಕೈ ಬೇರೆ ಎಂಬ ಕಟ್ಟಳೆಗೆ ಶುಚಿಯ ಕಾರಣವಿತ್ತು, ಒಪ್ಪುತ್ತೇನೆ. ಒಂದೇ ತಟ್ಟೆಗೆ ಹಲವರು ಕೈಹಾಕುವ ಕಾಲದಲ್ಲಿ ಅದು ವಿವೇಕವೇ. ಆದರೆ ಕಟ್ಟಳೆ ಅಷ್ಟಕ್ಕೇ ನಿಲ್ಲಲಿಲ್ಲ. ಎಡಗೈಯಲ್ಲಿ ದುಡ್ಡು ಕೊಟ್ಟರೆ ಅವಮಾನ, ಎಡಗೈಯಲ್ಲಿ ಕುಂಕುಮ ಮುಟ್ಟಿದರೆ ಅಪಶಕುನ, ಎಡಗೈಯಲ್ಲಿ ಬರೆದರೆ ವಿದ್ಯೆ ಹತ್ತದು. ಶುಚಿಯ ಮಾತಿನಿಂದ ಶುರುವಾದದ್ದು ಗುಣದ ಮಾತಾಗಿಬಿಟ್ಟಿತು.

ಉಪಕರಣಗಳೂ ಬಲಗೈಯವರ ಪರ. ಹಲ್ಲಿನ ಕುಡುಗೋಲಿನ ಹಲ್ಲುಗಳನ್ನು ಬಲಗೈಯ ಎಳೆತಕ್ಕೆಂದೇ ಕಡಿದಿರುತ್ತಾರೆ. ಕಾಲೇಜಿನ ಕುರ್ಚಿಯ ಬರೆಯುವ ಹಲಗೆ ಬಲಕ್ಕೇ ಇರುತ್ತದೆ. ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದಕ್ಕೊಂದು ಒತ್ತುವ ಬದಲು ಬಿಟ್ಟುಕೊಳ್ಳುತ್ತವೆ. ಕಾಗದ ಕತ್ತರಿಸದೆ ಮಡಚಿಕೊಳ್ಳುತ್ತದೆ. ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುವುದರಿಂದ ಎಡಗೈಯವರ ಅಂಗೈ ಆಗಷ್ಟೇ ಬರೆದ ಅಕ್ಷರಗಳ ಮೇಲೆ ಉಜ್ಜಿಕೊಂಡೇ ಮುಂದೆ ಸಾಗುತ್ತದೆ. ಸ್ಲೇಟಿನ ಮೇಲಿನ ‘ಅ’ ಅಳಿಸಿಹೋದರೆ ಬೈಗುಳ ಕೇಳುವುದು ಮಗು. ಎಡವಟ್ಟು ಕೈಯಲ್ಲಿಲ್ಲ, ಕೈಗೆ ಕೊಟ್ಟ ವಸ್ತುವಿನಲ್ಲಿದೆ ಎಂದು ಹೇಳುವವರು ಅಲ್ಲಿರುವುದಿಲ್ಲ.

ಪದದ ಕೇಡು ಒಂದು ಮಗುವಿನ ಬೆರಳಿಗೆ ಮುಗಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಮೈಸೂರು ಸೀಮೆಯಲ್ಲಿ, ತಮಿಳು ನಾಡಿನಲ್ಲಿ ಶತಮಾನಗಳ ಕಾಲ ಜಾತಿಗಳನ್ನೇ ಎಡಗೈ, ಬಲಗೈ ಎಂದು ಪಾಲು ಮಾಡಿದ್ದರು. ಯಾವ ಪಂಗಡದ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬಹುದು ಎಂಬುದಕ್ಕೆ ಬಡಿದಾಟಗಳಾಗಿವೆ. ಆ ಹೆಸರು ಇಂದಿಗೂ ಉಳಿದಿದೆ. ಕರ್ನಾಟಕದ ಪರಿಶಿಷ್ಟ ಜಾತಿಗಳೊಳಗೆ ಮಾದಿಗ ಮತ್ತು ಅದರ ಸಂಬಂಧಿ ಜಾತಿಗಳನ್ನು ಎಡಗೈ ಎನ್ನುತ್ತಾರೆ. ಆ ಜನ ತಮಗೆ ಅಂಟಿಸಿದ ಹೆಸರನ್ನೇ ಹಿಡಿದು ಒಳಮೀಸಲಾತಿಯ ಹಕ್ಕನ್ನು ದಶಕಗಳ ಕಾಲ ಕೇಳಿದರು. ಒಳವರ್ಗೀಕರಣಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2024ರ ಆಗಸ್ಟ್ 1ರಂದು. ಹೀನವೆಂದು ಹೇರಿದ ಪದವನ್ನು ಹಕ್ಕಿನ ಪದವಾಗಿ ತಿರುಗಿಸಿದ ಈ ಹೋರಾಟವನ್ನು ನಾನು ತುಂಬು ಗೌರವದಿಂದ ನೋಡುತ್ತೇನೆ. ಈ ಪದದ ಬಾಳಿನಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ನಮ್ಮ ಪರಂಪರೆ ಎಡವನ್ನು ಎಲ್ಲೆಡೆಯೂ ಕೀಳುಮಾಡಿತು ಎಂದರೆ ಅದೂ ಸುಳ್ಳಾದೀತು. ಸಂಸ್ಕೃತದ ‘ವಾಮ’ಕ್ಕೆ ಎಡ ಎಂಬಂತೆಯೇ ಚೆಲುವು ಎಂಬ ಅರ್ಥವೂ ಇದೆ, ವಾಮಲೋಚನೆ ಎಂದರೆ ಸುಂದರ ಕಣ್ಣಿನವಳು. ಕನ್ನಡಕ್ಕೆ ಬಂದ ‘ವಾಮಮಾರ್ಗ’ ಅಡ್ಡದಾರಿಯಾಗಿ ಹಾಳಾಯಿತು, ನಿಜ. ಆದರೆ ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರನ ಮುಂದೆ ನಿಂತು ನೋಡಿ. ಆ ಒಂದೇ ಮೈಯ ಎಡಭಾಗ ಪಾರ್ವತಿಯದು.

ಇನ್ನೊಂದು ಚಿತ್ರ ಬೆಂಗಳೂರಿನದು. 1981-82ರ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಬೊಂಬಾಯಿ ತಂಡವನ್ನು ಕಂಗೆಡಿಸಿದ್ದರು. ತಿರುಗುವ ಪಿಚ್ಚಿನಲ್ಲಿ ಅವರ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗಳಿಂದ ಆಚೆಗೆ ಸರಿಯುತ್ತಿತ್ತು. ಎರಡನೇ ಇನಿಂಗ್ಸಿನಲ್ಲಿ ಸುನಿಲ್ ಗಾವಸ್ಕರ್, ಜೀವಮಾನವೆಲ್ಲ ಬಲಗೈಯಲ್ಲಿ ಆಡಿದವರು, ಭಟ್ಟರನ್ನು ಎದುರಿಸಲು ಎಡಗೈ ಆಟಗಾರನಾಗಿ ನಿಂತರು, ಔಟಾಗದೆ ಉಳಿದರು. ಬಲಗೈಗೆ ಬಗೆಹರಿಯದ ಕಷ್ಟವೊಂದು ಎಡಗಡೆಗೆ ನಿಂತಾಗ ಹಗುರವಾಯಿತು. ಸಚಿನ್ ತೆಂಡೂಲ್ಕರ್ ಬ್ಯಾಟು ಬೀಸಿದ್ದು ಬಲಕ್ಕೆ, ಹಸ್ತಾಕ್ಷರ ಹಾಕುವುದು ಎಡಗೈಯಲ್ಲಿ. ಮೈದಾನದಲ್ಲಿ ‘ಎಡಗೈ ಆಟಗಾರ’ ಎನ್ನುವಾಗ ನಮ್ಮ ದನಿಯಲ್ಲಿ ಕೊಂಕಿರುವುದಿಲ್ಲ, ಮೆಚ್ಚುಗೆಯಿರುತ್ತದೆ. ಆ ದನಿ ಮನೆಯೊಳಗೂ ಬರಲು ಸಾಧ್ಯವಿದೆ. ಈಗ ಪೇಟೆಯ ಮಕ್ಕಳು ‘ನಾನು ಲೆಫ್ಟಿ’ ಎಂದು ಖುಷಿಯಿಂದ ಹೇಳಿಕೊಳ್ಳುತ್ತಾರೆ. ‘ಎಡಚ’ವನ್ನೂ ಹಾಗೇ ನಗುತ್ತ ಹೇಳಿಕೊಳ್ಳುವ ಮಗು ಹಳ್ಳಿಯ ಶಾಲೆಯಲ್ಲೂ ಇರಲಿ ಎಂಬುದು ನನ್ನ ಆಸೆ.

ಒಂದನೇ ತರಗತಿಗೆ ಸೇರಿಸಿಕೊಳ್ಳುವಾಗ ಹೆಸರು, ಹುಟ್ಟಿದ ದಿನ, ಜಾತಿ, ವಿಳಾಸ ಎಲ್ಲ ಕೇಳುತ್ತೇವೆ. ಅದರ ಜೊತೆಗೆ ‘ಯಾವ ಕೈಯಲ್ಲಿ ಬರೀತೀಯಾ ಪುಟ್ಟಾ?’ ಎಂದೂ ಕೇಳಬೇಕು. ಎಡ ಎಂದರೆ ಬೆಂಚಿನ ಎಡತುದಿಯಲ್ಲಿ ಕೂರಿಸಿದರಾಯಿತು, ಪಕ್ಕದವರ ಮೊಣಕೈಗೆ ತಾಗುವುದಿಲ್ಲ. ಪುಸ್ತಕದ ಮೇಲ್ತುದಿಯನ್ನು ತುಸು ಬಲಕ್ಕೆ ವಾಲಿಸಿ, ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಲು ಹೇಳಿಕೊಟ್ಟರೆ ಕೈ ಸಾಲಿನ ಕೆಳಗೇ ಉಳಿಯುತ್ತದೆ, ಬರೆದದ್ದು ಅಳಿಸುವುದಿಲ್ಲ.