ಎಂ25ರ ಪಥ: ಒಂದು ವರ್ತುಲವೇ, ಎರಡರ ಬೆಸುಗೆಯೇ?

ಲಂಡನ್ ನಗರವನ್ನು ಹೊರಗಿನಿಂದ ಬಳಸಿ ಹೋಗುವ ಎಂ25 ಹೆದ್ದಾರಿಯ ಉದ್ದ 117 ಮೈಲಿ, ಅಂದರೆ ಸುಮಾರು 188 ಕಿ.ಮೀ. ಇದರ ಕೊನೆಯ ಭಾಗವನ್ನು ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1986ರ ಅಕ್ಟೋಬರ್ 29ರಂದು ಉದ್ಘಾಟಿಸಿದರು. ಹೆದ್ದಾರಿಯ ಮೂಲವನ್ನು ವಿವರಿಸುವ ಜನಪ್ರಿಯ ಚರಿತ್ರೆಗಳು ಪ್ಯಾಟ್ರಿಕ್ ಅಬರ್‌ಕ್ರೋಂಬಿಯವರ 1944ರ ‘ಗ್ರೇಟರ್ ಲಂಡನ್ ಯೋಜನೆ’ಗೆ ಹೋಗಿ ನಿಲ್ಲುತ್ತವೆ. ಅಬರ್‌ಕ್ರೋಂಬಿ ಕಾಗದದ ಮೇಲೆ ಎಳೆದ ವರ್ತುಲವೇ ನಾಲ್ಕು ದಶಕಗಳ ನಂತರ ನೆಲದ ಮೇಲೆ ಮೂಡಿತು ಎಂಬುದು ಅವುಗಳ ನಿರ್ಣಯ. ಹೆದ್ದಾರಿಯ ಪಥವನ್ನೇ ಆಧಾರವಾಗಿ ಇಟ್ಟುಕೊಂಡು ಪರಿಶೀಲಿಸಿದರೆ ಈ ನಿರ್ಣಯ ನಿಲ್ಲುವುದಿಲ್ಲ.

ಅಬರ್‌ಕ್ರೋಂಬಿ ಸೂಚಿಸಿದ್ದು ಒಂದಲ್ಲ, ಹಲವು ವರ್ತುಲಗಳನ್ನು. ಇಂಗ್ಲಿಷ್ ಅಕ್ಷರಗಳಿಂದ ಗುರುತಿಸಲಾದ ಅವುಗಳಲ್ಲಿ ‘ಡಿ’ ಮತ್ತು ‘ಇ’ ಹೊರಗಿನವು. 1960ರ ದಶಕದ ‘ರಿಂಗ್‌ವೇ’ ಯೋಜನೆಯಲ್ಲಿ ‘ಡಿ’ಯ ಕಲ್ಪನೆ ಮೂರನೆಯ ರಿಂಗ್‌ವೇ ಆಗಿಯೂ, ‘ಇ’ಯ ಕಲ್ಪನೆ ನಾಲ್ಕನೆಯ ರಿಂಗ್‌ವೇ ಆಗಿಯೂ ಮುಂದುವರಿದವು. ಇವೆರಡೂ ಬೇರೆ ಬೇರೆ ದೂರದಲ್ಲಿ ನಗರವನ್ನು ಸುತ್ತಬೇಕಿದ್ದ ಬೇರೆ ಬೇರೆ ರಸ್ತೆಗಳು. ಎಂ25ರ ಮೂಲ ಅಬರ್‌ಕ್ರೋಂಬಿ ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇಷ್ಟೇ: ಇವುಗಳಲ್ಲಿ ಯಾವ ವರ್ತುಲ? ‘ಡಿ’ ಎಂದರೆ ದಕ್ಷಿಣಾರ್ಧ ಹೊಂದುವುದಿಲ್ಲ. ‘ಇ’ ಎಂದರೆ ಈಶಾನ್ಯ ಭಾಗ ಹೊಂದುವುದಿಲ್ಲ.

ಉತ್ತರ 1975ರ ನವೆಂಬರ್‌ನ ಸರ್ಕಾರಿ ತೀರ್ಮಾನದಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲು, 1973ರ ಚುನಾವಣೆಯಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಲೇಬರ್ ಪಕ್ಷದ ಕೈಗೆ ಬಂದು, ಮನೆಮಠಗಳನ್ನು ಕೆಡವಬೇಕಾಗಿದ್ದ ಒಳವರ್ತುಲಗಳ ಯೋಜನೆ ರದ್ದಾಗಿತ್ತು. ಹೊರಗಡೆ ಮಾತ್ರ ಕೆಲಸ ಆರಂಭವಾಗಿಬಿಟ್ಟಿತ್ತು. ಸೌತ್ ಮಿಮ್ಸ್ ಮತ್ತು ಪಾಟರ್ಸ್ ಬಾರ್ ನಡುವಿನ ಮೊದಲ ತುಣುಕು 1975ರ ಸೆಪ್ಟೆಂಬರ್‌ನಲ್ಲೇ ಸಂಚಾರಕ್ಕೆ ತೆರೆದಿತ್ತು. ಇಂಥ ಸ್ಥಿತಿಯಲ್ಲಿ ಸಾರಿಗೆ ಸಚಿವ ಜಾನ್ ಗಿಲ್ಬರ್ಟ್ ಮೂರನೆಯ ರಿಂಗ್‌ವೇಯ ಉತ್ತರ ಭಾಗವನ್ನೂ ನಾಲ್ಕನೆಯದರ ದಕ್ಷಿಣ ಮತ್ತು ಪಶ್ಚಿಮ ಭಾಗಗಳನ್ನೂ ಜೋಡಿಸಿ ಒಂದೇ ವರ್ತುಲ ಮಾಡುವುದಾಗಿ ಘೋಷಿಸಿದರು. ಉತ್ತರ ಭಾಗಕ್ಕೆಂದು ಇಟ್ಟಿದ್ದ ಎಂ16 ಎಂಬ ಸಂಖ್ಯೆಯನ್ನು ಕೈಬಿಟ್ಟು, ದಕ್ಷಿಣದ ಸಂಖ್ಯೆಯಾದ ಎಂ25 ಅನ್ನೇ ಇಡೀ ರಸ್ತೆಗೆ ಕೊಡಲಾಯಿತು. ಎರಡು ಭಿನ್ನ ವರ್ತುಲಗಳ ತುದಿಗಳು ತಾವಾಗಿ ಕೂಡಲಾರವು. ಆದ್ದರಿಂದ ಆಗ್ನೇಯದಲ್ಲಿ ಸ್ವಾನ್ಲಿಯಿಂದ ಸೆವೆನೋಕ್ಸ್‌ವರೆಗೆ, ವಾಯವ್ಯದಲ್ಲಿ ಹಂಟನ್ ಬ್ರಿಜ್‌ನಿಂದ ಪಾಟರ್ಸ್ ಬಾರ್ ಕಡೆಗೆ ಹೊಸ ಕೊಂಡಿಗಳು ಬೇಕಾದವು.

ಕಡತಗಳನ್ನು ಬದಿಗಿಟ್ಟರೂ ಸೆವೆನೋಕ್ಸ್ ಬಳಿಯ 5ನೇ ಜಂಕ್ಷನ್ ಒಂದೇ ಈ ಮಾತನ್ನು ಸಾಧಿಸಿ ತೋರಿಸುತ್ತದೆ. ಚರಿತ್ರೆಕಾರರು ಅದನ್ನು ಚಾಲಕರ ಗೊಂದಲದ ತಾಣವೆಂದು ಮಾತ್ರ ಗಮನಿಸಿ ಮುಂದೆ ಸಾಗಿದ್ದಾರೆ. ಗಾಡ್‌ಸ್ಟೋನ್ ಕಡೆಯಿಂದ ಪೂರ್ವಕ್ಕೆ ಬರುವ ವಾಹನ ಇಲ್ಲಿ ತನ್ನ ಪಾಡಿಗೆ ನೇರ ಸಾಗಿದರೆ ಎಂ25ರಲ್ಲಿ ಉಳಿಯುವುದಿಲ್ಲ. ಎಂ26 ಸೇರಿ ರೂಟಮ್ ಕಡೆಗೆ, ಅಲ್ಲಿಂದ ಎಂ20 ಹಿಡಿದು ಕೆಂಟ್ ಕರಾವಳಿಯತ್ತ ಹೋಗುತ್ತದೆ. ವರ್ತುಲದಲ್ಲೇ ಉಳಿಯಬೇಕೆಂದರೆ ಮುಖ್ಯ ದಾರಿ ಬಿಟ್ಟು ಎಡಗವಲು ಹಿಡಿಯಬೇಕು. ಉತ್ತರದಿಂದ ಇಳಿದು ಬರುವವರ ಪಾಡೂ ಇಂಥದ್ದೇ: ನೇರ ದಾರಿ ಎ21ಕ್ಕೆ ಸಲ್ಲುತ್ತದೆ, ವರ್ತುಲ ಬಲಕ್ಕೆ ಹೊರಳುತ್ತದೆ.

ನಾರ್ತ್ ಡೌನ್ಸ್ ಗುಡ್ಡಸಾಲಿನ ಏರಿಳಿತ ಇದಕ್ಕೆ ಕಾರಣ ಎಂಬ ಸಮಾಧಾನ ಸಾಲದು. ರಸ್ತೆ ಎಷ್ಟು ಬಾಗಬೇಕೆಂಬುದನ್ನು ಗುಡ್ಡ ನಿರ್ಧರಿಸಬಹುದು. ಎರಡು ದಾರಿಗಳಲ್ಲಿ ಯಾವುದು ಮುಖ್ಯ, ಯಾವುದು ಕವಲು ಎಂಬುದನ್ನು ನಿರ್ಧರಿಸುವುದು ಯೋಜಕರು. ಕಾಲಾನುಕ್ರಮವೂ ಇದನ್ನೇ ಹೇಳುತ್ತದೆ. ಎಂ26 ತೆರೆದದ್ದು 1980ರಲ್ಲಿ, ಸ್ವಾನ್ಲಿಯ ಕೊಂಡಿ ಮುಗಿದದ್ದು 1986ರಲ್ಲಿ. ದಕ್ಷಿಣದ ರಸ್ತೆ ರೂಟಮ್ ಕಡೆಗೆ ಸಾಗಬೇಕೆಂದೇ ಹುಟ್ಟಿದ್ದು; ಉತ್ತರಕ್ಕೆ ತಿರುಗುವ ಕೆಲಸ ಅದಕ್ಕೆ ಆಮೇಲೆ ಬಂದದ್ದು.

ವಾಯವ್ಯದ 19ನೇ ಜಂಕ್ಷನ್ ಇದಕ್ಕೆ ಜೋಡಿ ಸಾಕ್ಷಿ. ಅಲ್ಲಿಂದ ಹಂಟನ್ ಬ್ರಿಜ್‌ಗೆ ಹೋಗುವ ಕಿರುದಾರಿ ಒಂದು ಕಾಲದಲ್ಲಿ ಮುಖ್ಯ ರಸ್ತೆಯೇ ಆಗಿತ್ತು. ಸೌತ್ ಮಿಮ್ಸ್ ಕಡೆಯ ಕೊಂಡಿ ಸೇರಿದ ಮೇಲೆ ಅದು ಕವಲಾಗಿ ಉಳಿಯಿತು. ಎರಡು ಬೆಸುಗೆಗಳಲ್ಲೂ ಒಂದೇ ಬಗೆಯ ಗುರುತು ಇರುವಾಗ ಅದನ್ನು ಆಕಸ್ಮಿಕವೆನ್ನಲು ಆಧಾರವಿಲ್ಲ.

    

ಒಂದು ವರ್ತುಲವೇ, ಎರಡರ ಬೆಸುಗೆಯೇ ಎಂಬ ಈ ವ್ಯತ್ಯಾಸ ಪಂಡಿತರ ಚರ್ಚೆಗಷ್ಟೇ ಸೀಮಿತವಲ್ಲ. ದಿನಕ್ಕೆ ಹೆಚ್ಚೆಂದರೆ 88,000 ವಾಹನಗಳಿಗೆಂದು ರೂಪಿಸಿದ ಎಂ25ರಲ್ಲಿ 1993ರ ಹೊತ್ತಿಗೆ 2,00,000 ವಾಹನಗಳು ಓಡುತ್ತಿದ್ದವು. ಅಬರ್‌ಕ್ರೋಂಬಿಯ ಏಕವರ್ತುಲವೆಂಬ ಕಥೆಯನ್ನು ನಂಬಿದವರು ಈ ದಟ್ಟಣೆಯನ್ನೂ ಅವರ ತಲೆಗೇ ಕಟ್ಟುತ್ತಾರೆ. ಅದು ಅನ್ಯಾಯ. ಹಲವು ವರ್ತುಲಗಳು ಹಂಚಿಕೊಳ್ಳಬೇಕೆಂದು ಅವರು ಸೂಚಿಸಿದ್ದ ಭಾರದ ಬಹುಪಾಲು, ಉಳಿದವು ರದ್ದಾದ ಮೇಲೆ, ಇದೊಂದರ ಮೇಲೆ ಬಿತ್ತು. ರದ್ದತಿಯಿಂದ ಒಳನಗರದ ವಸತಿಗಳು ಉಳಿದವೆಂಬುದು ನಿಜ, ಅದು ಸಣ್ಣ ಲಾಭವೂ ಅಲ್ಲ. ಆದರೆ ಅದರ ಬೆಲೆಯನ್ನು ತೆತ್ತದ್ದು ಹೊರಗಿನ ರಸ್ತೆ. ವರ್ತುಲಗಳ ಕಲ್ಪನೆ ಅಬರ್‌ಕ್ರೋಂಬಿಯದು; ಇಂದಿನ ಪಥ ಮತ್ತು ಅದರ ಪರಿಣಾಮಗಳು 1973ರಿಂದ 1975ರವರೆಗಿನ ತೀರ್ಮಾನಗಳಿಗೆ ಸೇರಿದವು. ಎಂ25ರ ಚರಿತ್ರೆ ಬರೆಯುವವರು ಈ ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸುವುದು ಅಗತ್ಯ.