ಹೆಸರು ತಪ್ಪಿದ ಬಳ್ಳಿ

ಹಳೆಯ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಈ ಅನುಭವ ಹೊಸದಲ್ಲ. ಕಟ್ಟಿನ ಮೇಲೆ ಒಂದು ಕೃತಿಯ ಹೆಸರಿರುತ್ತದೆ. ಒಳಗೆ ಅದರೊಡನೆ ಮತ್ತೊಂದು ಕೃತಿಯೂ ಸೇರಿಕೊಂಡಿರುತ್ತದೆ. ಮೇಲಿನ ಹೆಸರನ್ನಷ್ಟೇ ನಂಬಿದವನಿಗೆ ಎರಡನೆಯದು ಇದ್ದೂ ಇಲ್ಲದಂತೆ. ಇಂದು ನಾನು ತಮ್ಮ ಮುಂದೆ ಹೇಳಹೊರಟಿರುವುದು ಅಂಥದೇ ಒಂದು ವೃತ್ತಾಂತ. ಅದು ಒಂದು ದ್ರಾಕ್ಷಿಬಳ್ಳಿಗೆ ಸಂಬಂಧಿಸಿದ್ದು.

ಫ್ರಾನ್ಸಿನ ನೈಋತ್ಯ ಭಾಗದ ಬೋರ್ಡೊ ಪ್ರಾಂತವು ಕೆಂಪು ದ್ರಾಕ್ಷಾಮದ್ಯಕ್ಕೆ ಹೆಸರಾದುದು. ಅಲ್ಲಿಯ ಕಬರ್ನೆ ಸೊವಿನ್ಯೋನ್, ಮೆರ್ಲೊ ತಳಿಗಳನ್ನು ಲೋಕವೆಲ್ಲ ಬಲ್ಲದು. ಅವುಗಳ ನೆರೆಯಲ್ಲೇ ಬೆಳೆಯುತ್ತಿದ್ದ ಕಾರ್ಮನೇರ್ ತಳಿಯನ್ನು ಬಲ್ಲವರು ಕಡಮೆ. ಎಲೆ ಉದುರುವ ಮುನ್ನ ಆ ಬಳ್ಳಿ ಕಡುಗೆಂಪಾಗುತ್ತದೆ. ಅದರ ಹೆಸರಿನಲ್ಲಿಯೂ ಆ ಬಣ್ಣದ ಸೂಚನೆಯಿದೆ.

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಪುಟ್ಟ ಕೀಟ ಫ್ರಾನ್ಸಿನ ಬಳ್ಳಿಗಳ ಬೇರಿಗೆ ಬಾಯಿಟ್ಟಿತು. ತೋಟದ ಮೇಲೆ ತೋಟ ಒಣಗಿದವು. ಪರಿಹಾರ ದೊರೆತುದೂ ಅಮೆರಿಕದಿಂದಲೇ. ಆ ನೆಲದ ಬಳ್ಳಿಯ ಬೇರು ಕೀಟವನ್ನು ತಾಳಬಲ್ಲುದಾದುದರಿಂದ ಅದರ ಮೇಲೆ ಫ್ರೆಂಚ್ ತಳಿಗಳನ್ನು ಕಸಿಮಾಡಿದರು. ತೋಟಗಳನ್ನು ಮರಳಿ ಕಟ್ಟುವಾಗ ಬೆಳೆಗಾರರು ಲೆಕ್ಕ ಹಾಕದಿರಲಿಲ್ಲ. ಕಾರ್ಮನೇರ್ ತಡವಾಗಿ ಮಾಗುವಂಥದು. ಹೂವಿನ ಕಾಲದಲ್ಲಿ ಚಳಿಮಳೆ ಬಿದ್ದರೆ ಸರಿಯಾಗಿ ಕಾಯಿ ಕಚ್ಚದು. ಅದನ್ನು ಮತ್ತೆ ನೆಟ್ಟವರು ತೀರ ವಿರಳ. ತೌರೂರಿನಲ್ಲಿಯೇ ಅದರ ಹೆಸರು ಅಳಿಯುತ್ತ ಬಂತು.

ಆದರೆ ಈ ಪಿಡುಗಿಗೆ ಮೊದಲೇ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಬೋರ್ಡೊದ ಬಳ್ಳಿಗಳು ಹಡಗೇರಿ ದಕ್ಷಿಣ ಅಮೆರಿಕದ ಚಿಲಿ ದೇಶವನ್ನು ಸೇರಿದ್ದವು. ಒಂದು ಕಡೆ ಆಂಡೀಸ್ ಪರ್ವತ, ಇನ್ನೊಂದು ಕಡೆ ಪೆಸಿಫಿಕ್ ಸಾಗರ, ಉತ್ತರಕ್ಕೆ ಅಟಕಾಮ ಮರುಭೂಮಿ. ಆ ನಾಡನ್ನು ಫಿಲಾಕ್ಸೆರ ಮುಟ್ಟಲಿಲ್ಲ. ಕಾರ್ಮನೇರ್ ಅಲ್ಲಿ ಮೆರ್ಲೊ ಬಳ್ಳಿಗಳೊಡನೆ ಬೆರೆತು, ಮೆರ್ಲೊ ಎಂಬ ಹೆಸರಿನಲ್ಲೇ ಬದುಕಿತು. ಇದರಿಂದ ಒದಗಿದ ನಷ್ಟ ಸಣ್ಣದಲ್ಲ. ಕಾರ್ಮನೇರ್ ಮಾಗಲು ಮೆರ್ಲೊಗಿಂತ ಹಲವು ವಾರ ಹೆಚ್ಚು ಬೇಕು. ಎರಡನ್ನೂ ಒಟ್ಟಿಗೆ ಕೊಯ್ದಾಗ ಮಾಗದ ಹಣ್ಣಿನಿಂದ ಮದ್ಯಕ್ಕೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತಿತ್ತು. ತಪ್ಪು ಹೆಸರು ತಪ್ಪು ಸುಗ್ಗಿಯನ್ನು ತಂದಿತ್ತು.

1994ರ ನವೆಂಬರ್, ಚಿಲಿಯಲ್ಲಿ ವಸಂತ. ಮೈಪೊ ಕಣಿವೆಯ ಕಾರ್ಮೆನ್ ತೋಟಕ್ಕೆ ಬಂದ ಫ್ರೆಂಚ್ ತಳಿತಜ್ಞ ಝಾನ್ ಮಿಶೆಲ್ ಬೂರ್ಸಿಕೊ ಹೂಗೊಂಚಲನ್ನು ಹಿಡಿದು ನೋಡಿದರು. ಕೇಸರಗಳು ತಿರುಚಿಕೊಂಡಿದ್ದವು. ಇದು ಮೆರ್ಲೊ ಅಲ್ಲ, ಕಾರ್ಮನೇರ್ ಎಂದು ಅವರು ಗುರುತಿಸಿದರು. 1998ರಲ್ಲಿ ಚಿಲಿ ಸರ್ಕಾರ ಅದನ್ನು ಬೇರೆಯೇ ತಳಿಯೆಂದು ಮನ್ನಿಸಿತು. ಇಂದು ಅದು ಆ ದೇಶದ ಹೆಮ್ಮೆಯ ಬೆಳೆ. ಈಶಾನ್ಯ ಇಟಲಿಯಲ್ಲಿಯೂ ಅದು ಬಹುಕಾಲ ಕಬರ್ನೆ ಫ್ರಾಂಕ್ ಎಂಬ ಬೇರೊಂದು ತಳಿಯ ಹೆಸರಿನಲ್ಲಿ ಬೆಳೆಯುತ್ತಿತ್ತು. ಚೀನದ ಕಬರ್ನೆ ಗೆರ್ನಿಷ್ಟ್ ಕೂಡ ಇದೇ ಬಳ್ಳಿಯೆಂಬುದು ವಂಶವಾಹಿ ಪರೀಕ್ಷೆಯಿಂದ ತಿಳಿದಿದೆ.

ನೂರು ವರ್ಷಕ್ಕೂ ಮಿಕ್ಕಿ ಸಾವಿರಾರು ಕೈಗಳು ಆ ಹಣ್ಣನ್ನು ಕೊಯ್ದಿದ್ದವು. ಹೂವನ್ನು ನಿಂತು ನೋಡುವ ಎರಡು ಕಣ್ಣು ಬೇಕಾಗಿತ್ತು. ಹೆಸರು ಸರಿಯಾದ ಮೇಲೆ ರೈತನಿಗೆ ಕೊಯ್ಲಿನ ದಿನವೂ ಸರಿಯಾಗಿ ತಿಳಿಯಿತು. ಓಲೆಗರಿಯ ಕಟ್ಟನ್ನು ಬಿಚ್ಚುವವರಿಗೂ ಈ ಬಳ್ಳಿ ಹೇಳುವ ಮಾತು ಇಷ್ಟೇ: ಮೇಲಿನ ಹೆಸರನ್ನು ಓದಿ ನಿಲ್ಲಬೇಡಿ, ಒಳಗಿನ ಗರಿಯನ್ನೂ ಓದಿ.